‘ನಮ್ಮದು ಏನೂ ಮಾಡಲ್ಲ’

ವೀಕ್ಷಕರಿಗೆ ನಮಸ್ಕಾರ. ನಾಯಿ ಸಾಕಿದವರೆಲ್ಲ ಒಂದಲ್ಲ ಒಂದು ದಿನ ಬೀದಿಯಲ್ಲಿ ಕೇಳಿರುವ, ಬಹುಶಃ ತಾವೇ ಆಡಿಯೂ ಇರುವ ಒಂದು ಮಾತಿನಿಂದ ಇವತ್ತಿನ ವಿಷಯಕ್ಕೆ ಬರುತ್ತೇನೆ. ‘ನಮ್ಮದು ಏನೂ ಮಾಡಲ್ಲ ಸಾರ್, ಆಟ ಆಡೋಕೆ ಬರ್ತಿದೆ ಅಷ್ಟೇ.’ ಹೀಗೆ ಹೇಳುವವರು ಸಾಮಾನ್ಯವಾಗಿ ಮೂವತ್ತು ಅಡಿ ಹಿಂದೆ ಇರುತ್ತಾರೆ, ನಾಯಿಯ ಹಗ್ಗ ಅವರ ಹೆಗಲ ಮೇಲಿರುತ್ತದೆ, ನಾಯಿ ಮಾತ್ರ ಆಗಲೇ ನಿಮ್ಮ ನಾಯಿಯ ಮೂತಿಗೆ ಮೂತಿ ತಾಗಿಸಿ ನಿಂತಿರುತ್ತದೆ. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ, ಹೆಚ್ಚಿನ ದಿನ ಅದು ನಿಜವೇ ಆಗಿರುತ್ತದೆ. ಆದರೆ ಅವರಿಗಿರುವುದು ನಾಯಿಯ ಬಗ್ಗೆ ನಂಬಿಕೆ, ಬೀದಿಯಲ್ಲಿ ಬೇಕಾಗಿರುವುದು ನಾಯಿಯ ಮೇಲೆ ಹಿಡಿತ. ಇವೆರಡೂ ಬೇರೆ ಬೇರೆ ಎಂಬುದನ್ನು ನಾನು ಎರಡು ವರ್ಷದ ಹಿಂದೆ, ಬೆಂಗಳೂರಿನ ನಮ್ಮದೇ ಅಡ್ಡರಸ್ತೆಯಲ್ಲಿ, ಬೆಳಗಿನ ಆರೂಮುಕ್ಕಾಲಿಗೆ ಕಂಡುಕೊಂಡೆ.

ಒಂದು ಮನೆಯವರು ಸ್ಕೂಟರ್ ಹೊರಗೆ ತೆಗೆಯಲೆಂದು ಗೇಟು ತೆರೆದಿದ್ದರು. ಆ ಸಂದಿಯಲ್ಲಿ ಅವರ ನಾಯಿ ಹೊರಬಂದು, ಬೊಗಳದೆ, ಗುರುಗುಟ್ಟದೆ, ನೇರವಾಗಿ ಓಡಿಬಂದು, ನಮ್ಮ ಒಂಬತ್ತು ವರ್ಷದ ಪೊಮೇರಿಯನ್ ರಾಣಿಯನ್ನು ಬೆನ್ನಿಗೆ ಬಾಯಿಹಾಕಿ ಎತ್ತಿ, ನೆಲ ಒರೆಸುವ ಬಟ್ಟೆಯನ್ನು ಒದರುವಂತೆ ಎರಡು ಸಲ ಒದರಿತು. ಇಷ್ಟೆಲ್ಲ ಆಗಲು ಹತ್ತು ಸೆಕೆಂಡೂ ಹಿಡಿದಿರಲಾರದು. ನಾನು ರಾಣಿಯನ್ನು ಎಳೆದುಕೊಳ್ಳಲು ಹೋದೆ, ಅದು ತಪ್ಪು. ಹಲ್ಲು ನೆಟ್ಟಿರುವಾಗ ಎಳೆದರೆ ತೂತು ಸೀಳಾಗುತ್ತದೆ, ಬಾಯಿಯ ಹತ್ತಿರ ಹೋದ ನಮ್ಮ ಕೈಯೂ ಉಳಿಯುವುದಿಲ್ಲ. ಸ್ಕೂಟರನ್ನು ಅಲ್ಲೇ ಬೀಳಿಸಿ ಓಡಿಬಂದ ಆ ಮನೆಯ ಹುಡುಗನಿಗೆ ಯಾರು ಹೇಳಿಕೊಟ್ಟಿದ್ದರೋ ಕಾಣೆ, ಅವನು ತನ್ನ ನಾಯಿಯ ಹಿಂಗಾಲೆರಡನ್ನೂ ಹಿಡಿದು ಮೇಲೆತ್ತಿದ. ಅದು ಬಾಯಿ ಸಡಿಲಿಸಿದ ಕೂಡಲೇ ತಳ್ಳುಗಾಡಿಯನ್ನು ಹಿಂದಕ್ಕೆ ನಡೆಸುವಂತೆ ನಡೆಸಿಕೊಂಡು ಹೋದ.

ರಾಣಿಯ ಬಿಳಿ ಕೂದಲಿನ ಮೇಲೆ ರಕ್ತದ ನಾಲ್ಕು ಚುಕ್ಕೆಗಳಷ್ಟೇ ಇದ್ದವು. ಇಷ್ಟೇ ತಾನೇ ಎಂದು ಮನೆಯಲ್ಲೇ ಅರಿಶಿನ ಹಚ್ಚಿ ಸುಮ್ಮನಾಗುವವರಿದ್ದೆವು, ಆಸ್ಪತ್ರೆಗೆ ಹೋದದ್ದು ನನ್ನ ಹೆಂಡತಿಯ ಹಟದಿಂದ. ಡಾಕ್ಟರು ಕೂದಲು ಬೋಳಿಸಿದಾಗ ಕಂಡದ್ದು ಹೆಸರುಕಾಳಿನ ಗಾತ್ರದ ನಾಲ್ಕು ತೂತು. ಅವರು ಮೊಂಡು ತುದಿಯ ಒಂದು ಕಡ್ಡಿಯನ್ನು ಅದರಲ್ಲೊಂದಕ್ಕೆ ಇಳಿಸಿದಾಗ ಅದು ಚರ್ಮದ ಅಡಿಯಲ್ಲಿ ಬೆರಳುದ್ದ ಸರಾಗವಾಗಿ ಸರಿದು, ಎಡಕ್ಕೂ ಬಲಕ್ಕೂ ತಡೆಯಿಲ್ಲದೆ ಆಡಿತು. ನಾಯಿಯ ಚರ್ಮ ಸಡಿಲವಾಗಿರುವುದರಿಂದ ಹಲ್ಲಿನ ಜೊತೆಗೆ ಸರಿದು ಉಳಿದುಕೊಳ್ಳುತ್ತದೆ, ಅಡಿಯಲ್ಲಿರುವ ಮಾಂಸಖಂಡ ಹಾಗೆ ಸರಿಯಲಾರದೆ ಹರಿಯುತ್ತದೆ, ಒದರಿದಾಗ ಚರ್ಮವೇ ಮಾಂಸದಿಂದ ಬಿಟ್ಟುಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಆ ಟೊಳ್ಳಿನಲ್ಲಿ ನೀರು ತುಂಬಿ, ಹಲ್ಲಿನಿಂದ ಒಳಹೋದ ಸೋಂಕು ಒಂದೆರಡು ದಿನದಲ್ಲಿ ಕೀವಾಗುತ್ತದೆ. ಚಿಕ್ಕ ನಾಯಿಗಳಲ್ಲಿ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಪೆಟ್ಟಾಗುವುದೂ ಉಂಟು, ಹಾಗಾಗಿ ಎಕ್ಸ್‌ರೇ ಕೂಡ ತೆಗೆಸಬೇಕಾಯಿತು. ಕಚ್ಚಾಟವಾದ ಮೇಲೆ ನಾಯಿ ಎದ್ದು ಓಡಾಡುತ್ತಿದೆ ಎಂಬ ಕಾರಣಕ್ಕೆ ಡಾಕ್ಟರ ಬಳಿ ಹೋಗದೆ ಇರಬೇಡಿ ಎಂದು ಕೇಳಿಕೊಳ್ಳಲಿಕ್ಕಾಗಿಯೇ ಇಷ್ಟು ವಿವರವಾಗಿ ಹೇಳಿದೆ.

ಈಗ ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು, ಹಳೆಯ ದಂಡ ಸಂಹಿತೆಯ 289ರ ಜಾಗದಲ್ಲಿ ಬಂದದ್ದು, ತನ್ನ ವಶದಲ್ಲಿರುವ ಪ್ರಾಣಿಯ ವಿಷಯದಲ್ಲಿ ಅಜಾಗರೂಕನಾಗಿರುವವನಿಗೆ ಆರು ತಿಂಗಳವರೆಗಿನ ಸೆರೆವಾಸ, ಐದು ಸಾವಿರ ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಅದು ಹೇಳುವುದು ಮನುಷ್ಯನ ಜೀವಕ್ಕೆ ಒದಗಬಹುದಾದ ಅಪಾಯ ಮತ್ತು ತೀವ್ರ ಗಾಯದ ಬಗ್ಗೆ. ಪ್ರಾಣಿಯನ್ನು ಕೊಲ್ಲುವುದಕ್ಕೂ ಊನಗೊಳಿಸುವುದಕ್ಕೂ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆಯಾದರೂ, ಅಲ್ಲಿ ಮಾಡುವವನಿಗೆ ಉದ್ದೇಶವೋ ಅರಿವೋ ಇರಬೇಕು; ಗೇಟು ಹಾಕಲು ಮರೆತದ್ದು ಅದರೊಳಗೆ ಸುಲಭವಾಗಿ ಕೂರುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವವನನ್ನು ಹಿಡಿಯುತ್ತದೆ, ನಿರ್ಲಕ್ಷ್ಯದಿಂದ ಬಿಟ್ಟವನನ್ನಲ್ಲ. ಹೀಗಾಗಿ ನಾಯಿಯೊಂದು ಇನ್ನೊಂದು ನಾಯಿಯನ್ನು ಕೊಂದರೆ, ಸತ್ತ ನಾಯಿಯ ಮನೆಯವರಿಗೆ ಉಳಿಯುವ ನೇರ ದಾರಿಯೆಂದರೆ ನಷ್ಟ ಪರಿಹಾರಕ್ಕಾಗಿ ಸಿವಿಲ್ ದಾವೆ ಹೂಡಿ, ತಮ್ಮ ಮನೆಯ ಜೀವಕ್ಕೆ ಬೆಲೆ ಕಟ್ಟಿ ತೋರಿಸುವುದು. ರಾಣಿಯನ್ನು ಕಚ್ಚುವ ಬದಲು ಆ ನಾಯಿ ನನ್ನ ಕೈಯನ್ನೇ ಕಚ್ಚಿದ್ದರೆ ನನ್ನ ದೂರಿಗೆ ತೂಕ ಹೆಚ್ಚಿರುತ್ತಿತ್ತು ಎಂಬುದು ವಿಚಿತ್ರವಾದರೂ ನಿಜ.

ಹಾಗಾದರೆ ಅಪಾಯದ ತಳಿಗಳನ್ನೇ ನಿಷೇಧಿಸಿದರಾಯಿತಲ್ಲ ಎನ್ನುವವರಿದ್ದಾರೆ. ಕೇಂದ್ರ ಸರ್ಕಾರ 2024ರ ಮಾರ್ಚ್ 12ರ ಸುತ್ತೋಲೆಯಲ್ಲಿ ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೊರ್ಸೊ ಸೇರಿದಂತೆ 23 ತಳಿಗಳ ವಿಷಯದಲ್ಲಿ ಅದನ್ನೇ ಮಾಡಲು ಹೊರಟಿತ್ತು. ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಹೊರಡಿಸಿದ ಆ ಸುತ್ತೋಲೆಯನ್ನು ನಮ್ಮ ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್ 10ರಂದು ರದ್ದುಪಡಿಸಿತು. ನ್ಯಾಯಾಲಯದ ಕಾರಣಗಳು ಹಾಗಿರಲಿ, ನನ್ನ ಕಾರಣ ಬೇರೆ. ರಾಣಿಯನ್ನು ಕಚ್ಚಿದ್ದು ಲ್ಯಾಬ್ರಡಾರ್. ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ ನಾಯಿ ಎಂದು ಎಲ್ಲರೂ ಶಿಫಾರಸು ಮಾಡುವ ಆ ತಳಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಬಾಗಲಕೋಟೆ ಜಿಲ್ಲೆಯ ನಮ್ಮ ಹೆಮ್ಮೆಯ ಮುಧೋಳ ನಾಯಿಯೂ ಅದರಲ್ಲಿ ಇರಲಿಲ್ಲ; ಅದು ಮನುಷ್ಯರ ಮೇಲೆ ಏರಿಹೋಗುವ ಸ್ವಭಾವದ್ದಲ್ಲ ನಿಜ, ಆದರೆ ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯಲೆಂದೇ ತಲೆಮಾರುಗಳಿಂದ ಬೆಳೆಸಿದ ಮೊಲದ ನಾಯಿ. ಪಾರ್ಕಿನಲ್ಲಿ ಪುಟ್ಟ ನಾಯಿಯೊಂದು ಹೆದರಿ ಓಡತೊಡಗಿದರೆ ಅದರ ಮೈಯೊಳಗಿನ ಬೇಟೆ ಎದ್ದುಕೊಳ್ಳುತ್ತದೆ. ಅಲ್ಲಿ ಸಿಟ್ಟೂ ಇಲ್ಲ, ದುಷ್ಟತನವೂ ಇಲ್ಲ. ಆ ಹೊತ್ತಿಗೆ ಯಜಮಾನನ ಕೂಗು ಅದರ ಕಿವಿಗೆ ಬೀಳುವುದೂ ಇಲ್ಲ.

ಆದ್ದರಿಂದ ಹಿಡಿತವೆಂದರೆ ಏನೆಂದು ನನ್ನನ್ನು ಕೇಳಿದರೆ, ನಾಯಿ ಇನ್ನೊಂದು ನಾಯಿಯನ್ನು ಮುಟ್ಟುವ ಮೊದಲೇ ಅದನ್ನು ನಿಲ್ಲಿಸುವ ಶಕ್ತಿ ಹಗ್ಗ ಹಿಡಿದವರ ಕೈಯಲ್ಲಿ ಇರುವುದು ಎನ್ನುತ್ತೇನೆ. ಕೈಯಲ್ಲಿ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಮೂವತ್ತೈದು ಕಿಲೋ ತೂಕದ ನಾಯಿಯನ್ನು ಹನ್ನೆರಡು ವರ್ಷದ ಮಗುವಿನ ಕೈಗೋ, ನಾಯಿಯೆಂದರೆ ತಾನೇ ಹೆದರುವ ಮನೆಗೆಲಸದಾಕೆಯ ಕೈಗೋ, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರ ಕೈಗೋ ಕೊಟ್ಟು ವಾಕಿಂಗಿಗೆ ಕಳಿಸುವವರನ್ನು ನಾನು ದಿನವೂ ನೋಡುತ್ತೇನೆ. ಹೆಚ್ಚುಕಮ್ಮಿಯಾದರೆ ಬೈಸಿಕೊಳ್ಳುವವರೂ ಆ ಸಂಬಳದವರೇ. ಗುಂಡಿ ಒತ್ತಿದರೆ ಹದಿನಾರು ಅಡಿ ಬಿಚ್ಚಿಕೊಳ್ಳುವ ಸುರುಳಿ ಹಗ್ಗ ಖಾಲಿ ಮೈದಾನಕ್ಕೆ ಸರಿ, ವಾಹನವೂ ನಾಯಿಯೂ ಎದುರಾಗುವ ಅಡ್ಡರಸ್ತೆಗೆ ಆರಡಿಯ ಗಟ್ಟಿ ಹಗ್ಗವೇ ಬೇಕು. ಬಾಲ ಆಡುತ್ತಿದೆ ಎಂದಮಾತ್ರಕ್ಕೆ ಸ್ನೇಹವೆಂದು ತಿಳಿಯಬಾರದು. ಬಾಲ ಮೇಲೆದ್ದು ಬಿಗಿಯಾಗಿ ಸಣ್ಣಗೆ ಅದುರುತ್ತಿದ್ದು, ಬಾಯಿ ಮುಚ್ಚಿ, ಕಣ್ಣು ಒಂದೇ ಕಡೆ ನೆಟ್ಟಿದ್ದರೆ ಅದು ದಿಕ್ಕು ಬದಲಿಸಿ ನಡೆಯಬೇಕಾದ ಹೊತ್ತು. ಹಿಂದೊಮ್ಮೆ ಕಚ್ಚಿದ ನಾಯಿಗೆ ಹೊರಗೆ ಬುಟ್ಟಿಯಾಕಾರದ ಕುಕ್ಕೆ ಹಾಕುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಣದಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವ ರೈತನನ್ನು ಯಾರೂ ಕ್ರೂರಿ ಎನ್ನಲಿಲ್ಲ, ಮತ್ತು ಈ ಕುಕ್ಕೆಯೊಳಗೆ ನಾಯಿ ಏದುಸಿರು ಬಿಡಬಹುದು, ನೀರನ್ನೂ ಕುಡಿಯಬಹುದು.

ಇದಕ್ಕೆ ಸಿಗುವ ಉತ್ತರವೂ ನನಗೆ ಗೊತ್ತಿದೆ. 2023ರ ಪಾಲಿಕೆಯ ಗಣತಿಯ ಪ್ರಕಾರವೇ ಬೆಂಗಳೂರಿನಲ್ಲಿ 2.79 ಲಕ್ಷ ಬೀದಿನಾಯಿಗಳಿರುವಾಗ, ನಾನೊಬ್ಬ ಹಗ್ಗ ಕಟ್ಟಿ ಆಗಬೇಕಾದ್ದೇನು ಎಂಬುದು ಆ ಉತ್ತರ. ಬೀದಿನಾಯಿಗಳ ಕಾಟ ನಿಜ. ಆದರೆ ಬೀದಿನಾಯಿ ಬಹುಮಟ್ಟಿಗೆ ತನ್ನ ಗಡಿಯಲ್ಲಿ ನಿಂತು ಬೊಗಳಿ ಎಚ್ಚರಿಸುತ್ತದೆ, ನಾವು ದಾರಿ ಬದಲಿಸಲು ಅವಕಾಶವಿರುತ್ತದೆ. ನಾಲ್ಕು ಗೋಡೆಯ ನಡುವೆ ಒಂಟಿಯಾಗಿ ಬೆಳೆದ ಸಾಕುನಾಯಿಗೆ ಬೇರೆ ನಾಯಿಯ ಜೊತೆ ಹೇಗಿರಬೇಕೆಂದು ಕಲಿಸಿದವರೇ ಇಲ್ಲದಿರಬಹುದು. ಅದೂ ಅಲ್ಲದೆ, ಹಗ್ಗದಲ್ಲಿರುವ ನನ್ನ ನಾಯಿಗೆ ಬಿಡಿಯಾಗಿ ಬಂದ ನಿಮ್ಮ ನಾಯಿಯಿಂದ ಓಡಿ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಓಡಲಾಗದ ನಾಯಿ ತಾನೇ ಮೊದಲು ಕಚ್ಚುವುದೂ ಉಂಟು, ಆಗ ತಪ್ಪು ಯಾರದೆಂದು ಬೀದಿಯಲ್ಲಿ ಪಂಚಾಯಿತಿ ಶುರುವಾಗುತ್ತದೆ. 2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನೇ ಬಿಡಬಾರದೆಂಬ ಪ್ರಸ್ತಾಪ ಬಂದಾಗ ಮುಂದಿಟ್ಟ ದೂರುಗಳಲ್ಲಿ ಹಗ್ಗವಿಲ್ಲದೆ ಬಿಡುವುದೂ ಒಂದು. ನಾಯಿಪ್ರಿಯರ ವಿರೋಧದಿಂದ ಅದು ಜಾರಿಯಾಗಲಿಲ್ಲ, ನಾನೂ ಆಗ ವಿರೋಧಿಸಿದವನೇ, ಆದರೆ ದೂರು ಸುಳ್ಳೆಂದು ನಮ್ಮಲ್ಲಿ ಯಾರೂ ವಾದಿಸಿದ ನೆನಪಿಲ್ಲ.

ಆ ಬೆಳಿಗ್ಗೆ ನಾನು ಮೊದಲು ಕೇಳಬೇಕಿದ್ದ ಪ್ರಶ್ನೆಯನ್ನು ಗಾಬರಿಯಲ್ಲಿ ಕೇಳಲೇ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರೇ ಕೇಳಿದರು, ಕಚ್ಚಿದ ನಾಯಿಗೆ ರೇಬಿಸ್ ಚುಚ್ಚುಮದ್ದು ಆಗಿದೆಯೇ ಎಂದು. ಅಷ್ಟರಲ್ಲಿ ಆ ಹುಡುಗನ ತಾಯಿ ಆಟೋದಲ್ಲಿ ಬಂದಿಳಿದರು, ಕೈಯಲ್ಲಿ ನಾಯಿಯ ಚುಚ್ಚುಮದ್ದಿನ ಪುಸ್ತಕವಿತ್ತು. ‘ತಪ್ಪು ನಮ್ಮದೇ ಅಣ್ಣ, ಬಿಲ್ಲು ನಾವು ಕಟ್ತೀವಿ’ ಎಂದರು, ಕಟ್ಟಿದರು. ತಿಂಗಳೊಳಗೆ ಅವರ ಗೇಟಿನ ಒಳಗೆ, ಸ್ಕೂಟರ್ ನಿಲ್ಲುವ ಜಾಗದಿಂದ ನಾಯಿಯನ್ನು ಬೇರೆ ಮಾಡುವ ಸೊಂಟದೆತ್ತರದ ಇನ್ನೊಂದು ಕಬ್ಬಿಣದ ಗೇಟು ಬಂತು. ಲ್ಯಾಬ್ರಡಾರ್ ಈಗಲೂ ಅದರ ಮೇಲೆ ಮುಂಗಾಲಿಟ್ಟು ನಿಂತು ನಮ್ಮನ್ನು ನೋಡುತ್ತದೆ, ರಾಣಿ ಆ ಮನೆ ಬರುವ ಎರಡು ಮನೆ ಮೊದಲೇ ಹಗ್ಗ ಜಗ್ಗಿ ನನ್ನನ್ನು ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋಗುತ್ತಾಳೆ.