ತೋಪಲ್ಲ ಸ್ವಾಮಿ, ಗುಂಡು ನೋಡಿ

ಎಲ್ಲಾ ಕೇಳುಗರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಜರ್ಮನಿ ಅಂದ್ರೆ ಸಾಕು, ಎಲ್ರೂ ಟೈಗರ್ ಟ್ಯಾಂಕು, ದೊಡ್ಡ ತೋಪು ಅಂತ ಶುರು ಮಾಡ್ತಾರೆ. ನಾನು ಹೇಳೋದು ಒಂದೇ, ತೋಪು ಬಿಡಿ, ಅದರೊಳಗಿನ ಗುಂಡು ನೋಡಿ.

1940ರ ಮೇ 21, ಫ್ರಾನ್ಸಿನ ಅರಾಸ್ ಊರಿನ ಹತ್ರ ಬ್ರಿಟಿಷರ ಮಟಿಲ್ಡಾ ಟ್ಯಾಂಕುಗಳು ಬರ್ತಾ ಇವೆ, ಆಮೆ ತರ ನಿಧಾನ, ಆದ್ರೆ ಮುಂದಿನ ಉಕ್ಕು 78 ಮಿಲಿಮೀಟರ್, ನಿಮ್ಮ ನಾಲ್ಕು ಬೆರಳು ಜೋಡಿಸಿದಷ್ಟು ದಪ್ಪ. ಎದುರಿಗೆ ಜರ್ಮನ್ನರ 37 ಮಿಲಿಮೀಟರ್ ತೋಪು. ಹೊಡೀತಾರೆ, ಟಣ್ ಅನ್ನುತ್ತೆ, ಗುಂಡು ಪಕ್ಕಕ್ಕೆ ಸಿಡಿದು ಹೋಗುತ್ತೆ, ಮತ್ತೆ ಹೊಡೀತಾರೆ, ಮತ್ತೆ ಟಣ್! ಕೊನೆಗೆ ಜರ್ಮನ್ ಸೇನಾಪತಿ ರೊಮೆಲ್ ಸಾಹೇಬ್ರು ವಿಮಾನ ಹೊಡೆಯೋಕೆ ಇಟ್ಕೊಂಡಿದ್ದ 88 ಮಿಲಿಮೀಟರ್ ತೋಪಿನ ಮೂತಿ ತಗ್ಗಿಸಿ ಹೊಡೆಸಬೇಕಾಯ್ತು. ಆ ಚಿಕ್ಕ ತೋಪಿಗೆ ಜರ್ಮನ್ ಸೈನಿಕರೇ ಇಟ್ಟ ಅಡ್ಡಹೆಸರು ಗೊತ್ತಾ, ಸೈನ್ಯದ ಬಾಗಿಲು ತಟ್ಟೋ ಮಷಿನ್ನು! ತಟ್ಟುತ್ತೆ, ಒಳಗೆ ಹೋಗಲ್ಲ. ನಂಗಂತೂ ಎಷ್ಟು ಸಲ ಹೇಳಿದ್ರೂ ನಗು ಬರುತ್ತೆ. ಮುಂದಿನ ವರ್ಷ ರಷ್ಯಾದಲ್ಲಿ ಟಿ-34 ಅನ್ನೋ ಟ್ಯಾಂಕು ಎದುರಾದಾಗ ಜರ್ಮನ್ನರಿಗೆ ನಗು ಬರ್ಲಿಲ್ಲ ಬಿಡಿ.

ಸರಿ, ಗುಂಡು ಬದಲಾಯಿಸಿದ್ರು. ಲೇತ್ ಕೆಲಸದವರಿಗೆ ಕಾರ್ಬೈಡ್ ಟಿಪ್ ಗೊತ್ತಲ್ಲ, ಉಕ್ಕಿಗಿಂತ ಗಟ್ಟಿ, ಅದೇ ಟಂಗ್‌ಸ್ಟನ್ ಸರಕು, ಗುಂಡಿನ ಹೊಟ್ಟೆಯೊಳಗೆ ಮೊಳೆ ತರ ಇಟ್ರು. ಚುಚ್ಚೋದೇನೋ ಚುಚ್ತಿತ್ತು, ಆದ್ರೆ ಮಾಲು ಪೋರ್ಚುಗಲ್, ಸ್ಪೇನಿಂದ ಬರ್ಬೇಕು, ಫ್ಯಾಕ್ಟರಿ ಟೂಲ್‌ಗೂ ಅದೇ ಬೇಕು, ಕೊನೆಗೆ 1944ರ ಜೂನಲ್ಲಿ ಪೋರ್ಚುಗಲ್ ಕೊಡೋದೇ ನಿಲ್ಲಿಸಿಬಿಡ್ತು.

ಟೈಮ್ ಮುಗೀತಾ ಬಂತು, ಬೇಗ ಹೇಳ್ತೀನಿ. ಇನ್ನೊಂದು ಗುಂಡಿತ್ತು, ಮದ್ದಿನ ಮುಂಭಾಗ ಆಲಿಕೆ ತರ ಟೊಳ್ಳು, ಅದಕ್ಕೆ ತೆಳು ತಗಡಿನ ಲೈನಿಂಗ್. ಸಿಡಿದ ಕೂಡ್ಲೇ ಆ ತಗಡು ಸಣ್ಣ ಧಾರೆಯಾಗಿ ಮುಂದಕ್ಕೆ ಚಿಮ್ಮುತ್ತೆ. ಉಕ್ಕನ್ನ ಕರಗಿಸುತ್ತೆ ಅಂತ ಎಲ್ರೂ ಬರೀತಾರೆ, ಇಲ್ಲ ರೀ, ಕರಗಿಸಲ್ಲ, ಉಕ್ಕನ್ನ ಪಕ್ಕಕ್ಕೆ ತಳ್ಕೊಂಡು ನುಗ್ಗುತ್ತೆ! ಗುಂಡು ನಿಧಾನಕ್ಕೆ ಹೋದ್ರೂ ಪರವಾಗಿಲ್ಲ, ದೊಡ್ಡ ತೋಪು ಬೇಡವೇ ಬೇಡ. ಅದೇ ಬಾಗಿಲು ತಟ್ಟೋ ಮಷಿನ್ನಿಗೇ ಇಂಥದ್ದೊಂದು ಸಿಗಿಸಿದ್ರು, ಕೋಲು ನಳಿಗೆಯೊಳಗೆ, ದಪ್ಪ ತಲೆ ಹೊರಗೆ. 1943ರಲ್ಲಿ ತೋಪೇ ಬೇಡದ ಪಾಂಜರ್‌ಫೌಸ್ಟ್ ಮಾಡಿದ್ರು, ಒಬ್ಬನೇ ಕಂಕುಳಲ್ಲಿ ಹಿಡ್ಕೊಂಡು ಹೊಡೆಯೋ ಕೊಳವೆ, ಟ್ಯಾಂಕಿಗೆ 30 ಮೀಟರ್ ಹತ್ರ ಹೋಗ್ಬೇಕು, ಹೋದ್ರೆ 200 ಮಿಲಿಮೀಟರ್ ಉಕ್ಕು ತೂತು, ಆ ಮಟಿಲ್ಡಾದ ಎರಡೂವರೆ ಪಟ್ಟು! ಹೊಡೆದಾದ್ಮೇಲೆ ಕೊಳವೆ ಅಲ್ಲೇ ಬಿಸಾಕಿ ಓಡೋದು. ನಮಸ್ಕಾರ.