ಮಗು ಪೋಸ್ಟ್‌ಮ್ಯಾನ್ ಅಲ್ಲ

ಕೇಳುಗರಿಗೆಲ್ಲ ನಮಸ್ಕಾರ. ನಾಲ್ಕು ದಿನ ಕಳೆದರೆ ಶಾಲೆ ಶುರು. ಈಗ ನಿಮ್ಮನೆಯಲ್ಲಿ ಏನು ನಡೀತಿದೆ ಅಂತ ಸ್ಟುಡಿಯೋದಲ್ಲಿ ಕೂತೇ ಹೇಳಬಲ್ಲೆ. ಹೋದ ವರ್ಷದ ಚೀಲ ಅಟ್ಟದಿಂದ ಇಳಿದಿದೆ, ಅದರ ಜಿಪ್ ಹಾಳಾಗಿದೆ, ಕೊಡೆಯ ಒಂದು ಕಡ್ಡಿ ಮುರಿದಿದೆ. ರೇಡಿಯೋ ಹಚ್ಚಿಟ್ಟು ನೀವು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರೀತಾ ಇದ್ದೀರಿ. ತುರೀರಿ, ಏನೂ ತೊಂದರೆ ಇಲ್ಲ. ಕಿವಿ ಮಾತ್ರ ಈ ಕಡೆ ಇರಲಿ.

ನಾನು ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು. ಮೊದಲು ಘಟ್ಟದ ಮೇಲೆ ಸಿರ್ಸಿ ಕಡೆ, ಆಮೇಲೆ ಕೆಳಗೆ ಕರಾವಳಿಯಲ್ಲಿ. ಪಾಲಕರಿಗೆ ಶಾಲೆಯ ದಿನಚರಿ ಬಗ್ಗೆ ತಿಳಿಸಿಕೊಡಿ ಅಂತ ನನ್ನನ್ನು ಕರೆದಿದ್ದಾರೆ. ದಿನಚರಿ ಹೇಳೋದಕ್ಕೆ ಐದು ನಿಮಿಷ ಸಾಕು. ಆದರೆ ನನಗೆ ಹೇಳಬೇಕಾಗಿರೋದು ಒಂದೇ ಮಾತು, ಅದನ್ನ ಮೊದಲೇ ಹೇಳಿಬಿಡ್ತೇನೆ. ಶಾಲೆಯ ಸುದ್ದಿಯನ್ನ ಮಗುವಿನ ಬಾಯಿಂದ ಮಾತ್ರ ಕೇಳಬೇಡಿ. ಶಾಲೆಯನ್ನೇ ನೇರ ಕೇಳಿ. ಮಗು ಪೋಸ್ಟ್‌ಮ್ಯಾನ್ ಅಲ್ಲ.

ಯಾಕೆ ಹೀಗೆ ಹೇಳ್ತೇನೆ ಅಂದರೆ, ಒಂದು ಕಥೆ ಇದೆ. ಕಥೆ ಅಲ್ಲ, ನಡೆದದ್ದೇ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಆಗ ನಾನಿದ್ದದ್ದು ಸಮುದ್ರಕ್ಕೆ ಹತ್ತಿರದ ಒಂದು ಶಾಲೆಯಲ್ಲಿ, ಯಾವ ಊರು ಅಂತ ಬೇಡ. ಒಂದು ಮಧ್ಯಾಹ್ನ, ಮಕ್ಕಳೆಲ್ಲ ಊಟ ಮಾಡಿ ತಟ್ಟೆ ತೊಳೀತಿದ್ದರು. ಒಬ್ಬಳು ತಾಯಿ ಗೇಟು ದಾಟಿ ಬಂದಳು. ತಲೆ ಮೇಲೆ ಖಾಲಿ ಮೀನು ಬುಟ್ಟಿ, ಪೇಟೆಯಲ್ಲಿ ವ್ಯಾಪಾರ ಮುಗಿಸಿ ಸೀದಾ ಬಂದಿದ್ದಾಳೆ. ಬುಟ್ಟಿಯನ್ನ ಆಫೀಸಿನ ಬಾಗಿಲಲ್ಲಿ ದಡ್ ಅಂತ ಇಟ್ಟಳು. "ಎಂತದು ಅಕ್ಕೋರೆ, ಪಕ್ಕದ ಮನೆ ಹುಡುಗಿಗೆ ಸ್ಕಾಲರ್‌ಶಿಪ್ ಬಂತಂತೆ. ನನ್ನ ಮಗಂಗೆ ಎಂತಕ್ಕಿಲ್ಲ? ಬಡವ್ರ ದುಡ್ಡು ಎಲ್ಲಿಗೆ ಹೋಯ್ತು?"

ನನಗೂ ಸಿಟ್ಟು ಬಂತು. ಯಾಕೆ ಅಂದರೆ ಅದಕ್ಕೆ ಜಾತಿ-ಆದಾಯ ಪ್ರಮಾಣಪತ್ರ ಬೇಕು, ಪಾಸ್‌ಬುಕ್ ಜೆರಾಕ್ಸ್ ಬೇಕು, ಇಂಥ ದಿನದೊಳಗೆ ಬೇಕು ಅಂತ ನಾನು ಒಂದಲ್ಲ, ಮೂರು ಚೀಟಿ ಕಳಿಸಿದ್ದೆ. ಮೂರೂ ನನ್ನದೇ ಕೈಬರಹ. "ಮೂರು ಸಲ ಬರೆದು ಕಳ್ಸಿದ್ದೇನಲ್ಲಮ್ಮಾ" ಅಂದೆ. ಅವಳು ಅಂದಳು, "ಹೌದು, ಮೂರೂ ಬಂತು."

ಬಂತಾ! ಹಾಗಾದ್ರೆ?

"ಮಗನೇ ಓದಿ ಹೇಳಿದ" ಅಂದಳು.

ಹುಡುಗ ಮೂರನೇ ಕ್ಲಾಸು. ಓದೋದರಲ್ಲಿ ಬಲು ಚುರುಕು. ಕರೆದು ಎದುರಿಗೆ ನಿಲ್ಲಿಸಿದೆ. ಅವನು ಒಮ್ಮೆ ಅಮ್ಮನ ಮುಖ ನೋಡ್ತಾನೆ, ಒಮ್ಮೆ ಬುಟ್ಟಿ ನೋಡ್ತಾನೆ, ನನ್ನ ಕಡೆ ಮಾತ್ರ ನೋಡೋದೇ ಇಲ್ಲ. ತಾಯಿಯೇ ಹೇಳಿದಳು. ಮೊದಲನೇ ಚೀಟಿಯಲ್ಲಿ "ನಾಳೆ ಶಾಲೆಗೆ ರಜೆ" ಅಂತ ಇತ್ತಂತೆ. ಎರಡನೇದರಲ್ಲಿ "ಮಕ್ಕಳ ಕೈಲಿ ಐದು ರೂಪಾಯಿ ಕೊಟ್ಟು ಕಳಿಸಿ" ಅಂತ. ಮೂರನೇದರಲ್ಲಿ, ಕೇಳಿ, "ನಿಮ್ಮ ಮಗ ಭಾಳ ಹುಷಾರಿದ್ದಾನೆ, ಮನೆಯಲ್ಲಿ ಯಾರೂ ಹೊಡೆಯಬಾರದು" ಅಂತ!

ನಾನು ನಗಬಾರದು ಅಂತ ತುಟಿ ಕಚ್ಚಿಕೊಂಡೆ. ಆ ತಾಯಿ ಅಂದಳು, "ಸುಮ್ನೆ ಹೇಳಿದ್ದಲ್ಲ ಅಕ್ಕೋರೆ, ಅಕ್ಷರದ ಮೇಲೆ ಬೆರಳಿಟ್ಟು ಓದಿದ. ಸಾಲು ಮುಗಿದಾಗ ಬೆರಳು ಕೆಳಗಿನ ಸಾಲಿಗೆ ಇಳೀತಿತ್ತು." ಅಂದರೆ ಮಗ ಓದೋದನ್ನ ಅವಳು ಅಷ್ಟು ಹತ್ತಿರ ಕೂತು ನೋಡಿದ್ದಾಳೆ. ತನಗೆ ಓದಲಿಕ್ಕೆ ಬರೋದಿಲ್ಲ, ಮಗನಿಗೆ ಬರ್ತದೆ ಅಂತ ಅವಳಿಗೆ ಖುಷಿ. ಆಗ ನನ್ನ ನಗು ಅಲ್ಲೇ ನಿಂತುಹೋಯಿತು.

ಚೀಲ ತರಿಸಿದೆ. ಅಡಿಯಲ್ಲಿ ಒಂದು ಚೀಟಿ ಇನ್ನೂ ಇತ್ತು. ಅದರ ಜೊತೆ ಎರಡು ಗೇರುಬೀಜ, ಒಂದು ಶಂಖ, ಒಣಗಿದ ಮುರುಗಲ ಸಿಪ್ಪೆ. ಮುರುಗಲ ರಸ ತಾಗಿ ಚೀಟಿ ಅರ್ಧ ಕೆಂಪಾಗಿತ್ತು. ಬಿಡಿಸಿ ಗಟ್ಟಿಯಾಗಿ ಓದಿದೆ. "ತಮ್ಮ ಪಾಲ್ಯದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಿಗದಿತ ದಿನಾಂಕದೊಳಗಾಗಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಶಾಲೆಯು ಜವಾಬ್ದಾರಿಯಲ್ಲ." ಆ ತಾಯಿ ಕೇಳಿದಳು, "ಪಾಲ್ಯ ಅಂದ್ರೆ ಎಂತದು?"

ಪಾಲ್ಯ ಅಂದರೆ ಅವಳ ಮಗನೇ! ನೋಡಿ, ಓದಲಿಕ್ಕೆ ಬಂದಿದ್ದರೂ ಅವಳಿಗೆ ಅದು ಅರ್ಥ ಆಗ್ತಿರಲಿಲ್ಲ. ತಪ್ಪು ಹುಡುಗನದ್ದು ಕಾಲುಭಾಗ, ನನ್ನದು ಮುಕ್ಕಾಲು. ಮೇಲಿಂದ ಬಂದ ಸುತ್ತೋಲೆಯ ಭಾಷೆಯನ್ನೇ ಇಳಿಸಿ, ಎಂಟು ವರ್ಷದ ಹುಡುಗನ ಕೈಯಲ್ಲಿ ಕೊಟ್ಟು ಕಳಿಸಿ, ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆ. ಆ ವರ್ಷದ ಸ್ಕಾಲರ್‌ಶಿಪ್ ಹೋಯಿತು. ತಾರೀಕು ದಾಟಿತ್ತು, ಏನು ಮಾಡಿದರೂ ಆಗಲಿಲ್ಲ.

ಆಮೇಲೆ ನಾನು ಮಾಡಿದ್ದೇನು ಗೊತ್ತಾ? ಚೀಟಿ ಬಿಟ್ಟೆ, ಮೀನುಪೇಟೆಗೆ ಹೋದೆ. ವಾರಕ್ಕೊಮ್ಮೆ ಹೇಗೂ ಬಂಗಡೆಯೋ ತಾರ್ಲೆಯೋ ತರಲಿಕ್ಕೆ ಹೋಗ್ತಿದ್ದೆ. ನಮ್ಮ ಶಾಲೆಯ ಏಳೆಂಟು ಮಕ್ಕಳ ತಾಯಂದಿರು ಅಲ್ಲೇ ಸಾಲಾಗಿ ಕೂತಿರ್ತಿದ್ದರು. ಮೀನು ಕೊಳ್ಳುತ್ತಾ ಹೇಳಿಬಿಡೋದು. ಇಂಥ ದಿನ ಮೀಟಿಂಗು, ಇಂಥ ಕಾಗದ ತನ್ನಿ. ಒಬ್ಬಳಿಗೆ ಹೇಳಿದರೆ ಸಾಲಿನ ಕೊನೆಯವರೆಗೆ ಹೋಗ್ತಿತ್ತು. ಹನ್ನೊಂದು ಗಂಟೆಗೆ ಪಾಲಕರ ಸಭೆ ಕರೆದರೆ ಮೀನು ಮಾರುವವರು ಹೇಗೆ ಬರ್ತಾರೆ ಅಂತ ನನಗೆ ಹೊಳೆದದ್ದೂ ಅಲ್ಲೇ, ಶೆಟ್ಲಿ, ಅಂದರೆ ಸಿಗಡಿ, ಚೌಕಾಶಿ ಮಾಡ್ತಾ ನಿಂತಾಗ. ಸಭೆಯನ್ನ ಸಂಜೆ ನಾಲ್ಕಕ್ಕೆ ಹಾಕಿದೆವು. ಮೊದಲ ದೊಡ್ಡ ಸಭೆಯನ್ನ ಜೂನ್ ತಿಂಗಳಿಗೇ ಇಟ್ಟೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರ್ತದಲ್ಲ, ಬೋಟಿಗೆ ಹೋಗುವ ಅಪ್ಪಂದಿರೂ ಆಗ ಊರಲ್ಲಿರ್ತಾರೆ. ಮೊದಲ ಸಲ ಗಂಡಸರು ಬಂದು ಹಿಂದಿನ ಬೆಂಚಿನಲ್ಲಿ ಸಂಕೋಚದಿಂದ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಥೆ ಉದ್ದ ಆಯಿತು. ಆಗ್ತದೆ ಅಂತ ಗೊತ್ತಿತ್ತು, ಇದನ್ನ ಎಲ್ಲಿ ಹೇಳಿದರೂ ಉದ್ದ ಆಗ್ತದೆ.

ಈಗ ದಿನಚರಿಗೆ ಬರ್ತೇನೆ. ನಮ್ಮ ಹೆಚ್ಚಿನ ಸರಕಾರಿ ಶಾಲೆಗಳಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಪ್ರಾರ್ಥನೆ. ಶನಿವಾರ ಮಾತ್ರ ಬೆಳಗಿನ ಶಾಲೆ, ಬೇಗ ಶುರುವಾಗಿ ಮಧ್ಯಾಹ್ನದೊಳಗೆ ಬಿಡ್ತದೆ. ಮಕ್ಕಳಿಗೆ ಹಾಲು ಕೊಡ್ತಾರೆ. ಕ್ಷೀರಭಾಗ್ಯ ಶುರುವಾದದ್ದು 2013ರಲ್ಲಿ, ಒಬ್ಬೊಬ್ಬರಿಗೆ 150 ಮಿಲಿಲೀಟರ್. ಕೆಲವು ದಿನ ಅದರ ಜೊತೆ ರಾಗಿ ಮಾಲ್ಟ್. ಮಧ್ಯಾಹ್ನ ಬಿಸಿಯೂಟ. ಮೊಟ್ಟೆಯ ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ನಿಮ್ಮ ಮಗುವಿಗೆ ಯಾವುದು ಬೇಕು ಅಂತ ನೀವೇ ಹೇಳಬೇಕು, ಮಗು ಗೆಳೆಯನ ತಟ್ಟೆ ನೋಡಿ ಕೈ ಎತ್ತಿಬಿಡ್ತದೆ.

ಮಗು ಬರೋದಿಲ್ಲ ಅಂತಿದ್ದರೆ ಬೆಳಿಗ್ಗೆಯೇ ತಿಳಿಸಿ. ಬಿಸಿಯೂಟದ ಅಕ್ಕಿ ಅಳೆಯೋದು ಹಾಜರಿ ನೋಡಿ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ 100 ಗ್ರಾಂ ಲೆಕ್ಕ, ದೊಡ್ಡ ಮಕ್ಕಳಿಗೆ 150 ಗ್ರಾಂ. ಅಡುಗೆಯವರು ಬಾಗಿಲಲ್ಲಿ ನಿಂತು "ಇವತ್ತು ಎಷ್ಟು ಜನ ಅಕ್ಕೋರೆ" ಅಂತ ಕೇಳಿದಾಗ ನಮ್ಮ ಹತ್ತಿರ ಲೆಕ್ಕ ಇರಬೇಕು. ಅದಕ್ಕಿಂತ ಜಾಸ್ತಿ, ಮಗು ಮನೆಯಿಂದ ಹೊರಟು ಶಾಲೆಗೆ ಬರಲಿಲ್ಲ ಅಂದರೆ ನಮಗೆ ಗೊತ್ತಾಗಬೇಕು ಅಲ್ವಾ? ಪಕ್ಕದ ಮನೆ ಹುಡುಗನ ಹತ್ತಿರ "ಅವಳಿಗೆ ಜ್ವರ ಅಂತ ಹೇಳು" ಅಂತ ಹೇಳಿ ಕಳಿಸ್ತೀರಿ. ಅವನು ಅದನ್ನ ದಾರಿಯಲ್ಲೇ ಮರೆತಿರ್ತಾನೆ. ಅವನೂ ಪೋಸ್ಟ್‌ಮ್ಯಾನ್ ಅಲ್ಲ. ಒಂದು ಫೋನ್ ಮಾಡಿ.

ಒಂದನೇ ಕ್ಲಾಸಿನ ಪಾಲಕರು ಇದನ್ನ ಸ್ವಲ್ಪ ಗಮನ ಕೊಟ್ಟು ಕೇಳಿ, ಪ್ರತಿ ವರ್ಷ ಇದೇ ಗಲಾಟೆ. ಮಗು ಶಾಲೆಗೆ ಹೋಗಿ ತಿಂಗಳಾದರೂ ಅ ಆ ಇ ಈ ಹೇಳೋದಿಲ್ಲ, "ರ ಗ ಸ ದ ಅ" ಅಂತದೆ, ಇದೆಂಥ ಕಲಿಸೋದು ಅಂತ ಅಜ್ಜ ಕೋಲು ಊರಿಕೊಂಡು ಶಾಲೆಗೆ ಬರ್ತಾರೆ. ಅಜ್ಜ ಬಂದರು, ನೇರ ಕೇಳಿದರು, ಅದಕ್ಕೆ ಅವರಿಗೆ ನನ್ನ ನಮಸ್ಕಾರ. ಅದು ನಲಿಕಲಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡು ಹಿಡಿದು, ಹಾಡಿ, ಆಡಿ ಕಲೀತಾರೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಬರೆಯಲಿಕ್ಕೆ ಸುಲಭದ ಅಕ್ಷರ ಮೊದಲು, ಮತ್ತು ಕಲಿತ ಅಕ್ಷರದಿಂದ ಆ ಕೂಡಲೇ ಶಬ್ದ ಮಾಡಲಿಕ್ಕೆ ಬರಬೇಕು, ಅಷ್ಟೇ ಅದರ ಗುಟ್ಟು. ರ, ಗ, ಸ, ದ, ಅ. ಐದೇ ಅಕ್ಷರ. ಸರ ಆಯಿತು, ದರ ಆಯಿತು, ಅರಸ ಆಯಿತು, ಅಗಸ ಆಯಿತು, ಗರಗಸ ಆಯಿತು! ನಮ್ಮ ಕಾಲದಲ್ಲಿ ಅ ಆ ಇ ಈಯಿಂದ ಅಂ ಅಃವರೆಗೆ ಬಾಯಿಪಾಠ ಮಾಡಿ ಮುಗಿಸಿದರೂ ಒಂದು ಶಬ್ದ ಓದಲಿಕ್ಕೆ ಬರ್ತಿರಲಿಲ್ಲ. ಮನೆಯಲ್ಲಿ ಕೊಂಕಣಿ ಮಾತಾಡುವ ಮಗು ಸಹ ಗರಗಸ ಅಂತ ಓದಿ ಕೈಯಲ್ಲಿ ಕುಯ್ಯೋ ಹಾಗೆ ಮಾಡಿ ತೋರಿಸ್ತದೆ. ನಾನು ನೋಡಿದ್ದೇನೆ, ಆ ಮುಖ ನೋಡಬೇಕು ನೀವು. ಹಾಗಾಗಿ ದಯವಿಟ್ಟು ಮನೆಯಲ್ಲಿ ಬೆತ್ತ ಹಿಡಿದು ಅ ಆ ಇ ಈ ತಿದ್ದಿಸಬೇಡಿ. ಸಂಶಯ ಇದ್ದರೆ ಬಂದು ಕೇಳಿ. ತರಗತಿಯ ಗೋಡೆಯಲ್ಲಿ ಪ್ರಗತಿ ನೋಟ ಅಂತ ಇರ್ತದೆ, ನಿಮ್ಮ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಅದರಲ್ಲೇ ಕಾಣ್ತದೆ.

ಮಳೆ ರಜೆಗೆ ಬರೋಣ. ಸಮಯ ಓಡ್ತಿದೆ. ಜೋರು ಮಳೆಗೆ ರಜೆ ಕೊಡೋದು ಜಿಲ್ಲಾಧಿಕಾರಿಗಳು. ಇಡೀ ಜಿಲ್ಲೆಗೆ ಕೊಡಬಹುದು, ಬರೀ ಕೆಲವು ತಾಲೂಕಿಗೂ ಕೊಡಬಹುದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಕ್ಕೆ ರಜೆ ಇದ್ದ ದಿನ ಘಟ್ಟದ ಮೇಲಿನ ಮುಂಡಗೋಡಿನಲ್ಲಿ ಶಾಲೆ ನಡೀಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯೇ ಹಾಗೆ, ಇಲ್ಲಿ ಹೊಳೆ ಉಕ್ಕಿದರೆ ಅಲ್ಲಿ ಬಟ್ಟೆ ಒಣಗ್ತಿರ್ತದೆ. ರಾತ್ರಿ ಮೊಬೈಲಿಗೆ ಒಂದು ಆದೇಶದ ಫೋಟೋ ಬರ್ತದೆ, ಎಲ್ಲರೂ ಎಲ್ಲರಿಗೂ ಕಳಿಸ್ತಾರೆ. ಅದರ ತಾರೀಕು ನೋಡಿ ಮಾರಾಯ್ರೆ! ಹೋದ ವರ್ಷದ ಆದೇಶ ಈ ವರ್ಷವೂ ತಿರುಗ್ತಿರ್ತದೆ. ಶಾಲೆಯ ಗುಂಪಿನಲ್ಲಿ ಮಾಸ್ತರೋ ಅಕ್ಕೋರೋ ಹಾಕಿದರೆ ಮಾತ್ರ ನಂಬಿ, ಇಲ್ಲಾ ರೇಡಿಯೋ ಕೇಳಿ. ಮಗು "ನಾಳೆ ರಜೆ" ಅಂದರೆ? ಆ ಮೂರನೇ ಕ್ಲಾಸಿನ ಹುಡುಗನನ್ನ ನೆನಪು ಮಾಡಿಕೊಳ್ಳಿ. ಕೊಟ್ಟ ರಜೆಯನ್ನ ಆಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಶಾಲೆ ನಡೆಸಿ ತುಂಬಿಸ್ತಾರೆ, ಆ ದಿನವೂ ಕಳಿಸಿ. ಮತ್ತೆ ಒಂದು, ರಜೆ ಇಲ್ಲದಿದ್ದರೂ ನಿಮ್ಮ ದಾರಿಯ ಹಳ್ಳ ತುಂಬಿ ಕಾಲುಸಂಕದ ಮಟ್ಟಕ್ಕೆ ನೀರು ಬಂದಿದ್ದರೆ ಮಗುವನ್ನ ಕಳಿಸಲೇಬೇಡಿ. ಫೋನ್ ಮಾಡಿ, ಹೀಗಾಗಿದೆ ಅಂತ ಹೇಳಿ. ಯಾವ ಮಾಸ್ತರೂ ಬೈಯೋದಿಲ್ಲ. ಬೈದರೆ ನೀವೂ ಬೈಯಿರಿ.

ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ನೋಡುವ ಸಮಿತಿ, ಅದರ ಬಗ್ಗೆ ಜಾಸ್ತಿ ಹೇಳಬೇಕು ಅಂತಿತ್ತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಅದರಲ್ಲಿದೆ. ಆದರೆ ನಡೆಯೋದೇನು? ಹೆಂಡತಿ ಸದಸ್ಯೆ, ಸಭೆಗೆ ಬರೋದು ಗಂಡ. ಮನೆಗೆ ಹೋಗಿ ಏನಾಯಿತು ಅಂದರೆ "ಎಂತ ಇಲ್ಲ, ಚಹಾ ಕೊಟ್ರು" ಅಂತಾನೆ. ಅಕ್ಕಂದಿರೇ, ನೀವೇ ಬನ್ನಿ. ಬಂದು ಸುಮ್ನೆ ಕೂರಬೇಡಿ, ಕೇಳಿ.

ಪರೀಕ್ಷೆ ವಿಷಯ ಒಂದೇ ಉಸಿರಿಗೆ ಹೇಳ್ತೇನೆ. ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ಎಫ್‌ಎ ಅಂದರೆ ಕಲಿಯುವಾಗಲೇ ನಡುನಡುವೆ ನೋಡೋದು, ಎಸ್‌ಎ ಅಂದರೆ ಅರ್ಧವರ್ಷಕ್ಕೊಮ್ಮೆ ಒಟ್ಟು ನೋಡೋದು. ಪ್ರಗತಿಪತ್ರಕ್ಕೆ ಸಹಿ ಹಾಕಲಿಕ್ಕೆ ಶಾಲೆಗೇ ಬನ್ನಿ, ಯಾಕೆ ಅಂತ ಇನ್ನು ಹೇಳಬೇಕಾಗಿಲ್ಲ. ಒಬ್ಬ ಹುಡುಗ ನಾಲ್ಕು ವರ್ಷ ಅಪ್ಪನ ಸಹಿ ಅಪ್ಪನಿಗಿಂತ ಚೆನ್ನಾಗಿ ಹಾಕ್ತಿದ್ದ. ಅದು ಇನ್ನೊಂದು ಕಥೆ, ಇವತ್ತು ಬೇಡ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸ್ತಿದ್ದಾರೆ, ಎರಡೇ ನಿಮಿಷ ಅಂತೆ. ಶಾಲೆ ಶುರುವಾದ ದಿನ ತೋರಣ ಕಟ್ಟಿ ಮಕ್ಕಳಿಗೆ ಸಿಹಿ ಕೊಡ್ತಾರೆ. ಅವತ್ತು ಮಗುವಿನ ಜೊತೆ ನೀವೂ ಬನ್ನಿ. ಗೇಟಿನ ತನಕ ಬಂದು ತಿರುಗಿ ಹೋಗಬೇಡಿ, ಒಳಗೆ ಬನ್ನಿ. ತರಗತಿಯ ಶಿಕ್ಷಕರ ನಂಬರ್ ತಗೊಳ್ಳಿ, ನಿಮ್ಮ ನಂಬರ್ ಕೊಡಿ. ನಂಬರ್ ಬದಲಾಯಿಸಿದರೆ ತಿಳಿಸಿ. ಓದಲಿಕ್ಕೆ ಬರದಿದ್ದರೆ ನಾಚಿಕೆ ಬೇಡ, "ನನಗೆ ಮಾತಲ್ಲೇ ಹೇಳಿ ಕಳ್ಸಿ ಅಕ್ಕೋರೆ" ಅನ್ನಿ. ಈಗ ಮೊಬೈಲಿನಲ್ಲಿ ಮಾತಾಡಿಯೇ ಕಳಿಸಲಿಕ್ಕೆ ಆಗ್ತದೆ, ನನ್ನ ಹಾಗೆ ಮೀನುಪೇಟೆಗೆ ಹೋಗಬೇಕಾಗಿಲ್ಲ. ಹೋದರೂ ನಷ್ಟ ಇಲ್ಲ ಅನ್ನಿ, ಒಳ್ಳೆ ಬಂಗಡೆ ಸಿಗ್ತದೆ.

ಅಯ್ಯೋ, ಬೂಟಿನ ವಿಷಯ ಬಿಟ್ಟೇಹೋಯಿತು. ಶಾಲೆಯಿಂದ ಬೂಟು-ಸಾಕ್ಸ್ ಕೊಡ್ತಾರೆ, ಅದಕ್ಕೆ ಅಳತೆ ಕೇಳ್ತಾರೆ. ಮಗುವನ್ನ ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಲ್ಲಿ ಕಾಲಿನ ಸುತ್ತ ಗೆರೆ ಎಳೆದು ಆ ಕಾಗದವನ್ನ ನೀವೇ ತಂದುಕೊಡಿ. ಮುಂದಿನ ವರ್ಷಕ್ಕೂ ಆಗಲಿ ಅಂತ ಅಣ್ಣನ ಕಾಲಿನ ಅಳತೆ ಕೊಡಬೇಡಿ, ಮಗು ವರ್ಷವಿಡೀ ಬಾತುಕೋಳಿ ಹಾಗೆ ನಡೀತದೆ. ನಮಸ್ಕಾರ.