ಒಂದೇ ಮ್ಯಾಚ್ ಆಡಿದ ವಿಲಿಯಂ ವೈಟ್

ಎಲ್ಲರಿಗೂ ನಮಸ್ಕಾರ. ಸ್ಕ್ರೀನ್ ಮೇಲಿರುವ ಈ ಸಾಲು ನೋಡಿ. ಮ್ಯಾಚ್ 1, ಬ್ಯಾಟಿಂಗ್ ಸರದಿ 4, ಹಿಟ್ 1, ರನ್ 1. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ವಿಲಿಯಂ ಎಡ್ವರ್ಡ್ ವೈಟ್ ಅನ್ನುವ ಹುಡುಗನ ಇಡೀ ಲೆಕ್ಕ ಇಷ್ಟೇ.

1879ರ ಜೂನ್ 21. ಊರು ಪ್ರಾವಿಡೆನ್ಸ್. ಅಲ್ಲಿನ ಗ್ರೇಸ್ ತಂಡಕ್ಕೆ ಅವತ್ತು ಕ್ಲೀವ್‌ಲ್ಯಾಂಡ್ ಎದುರಾಳಿ. ಫಸ್ಟ್ ಬೇಸ್ ಕಾಯುತ್ತಿದ್ದ ಜೋ ಸ್ಟಾರ್ಟ್‌ಗೆ ಬೆರಳಿಗೆ ಪೆಟ್ಟಾಗಿತ್ತು. ಅದೇ ಊರಿನ ಬ್ರೌನ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದ ವೈಟ್‌ನನ್ನು ಕರೆಸಿದರು.

ಫಸ್ಟ್ ಬೇಸ್ ಅಂದರೆ ಬ್ಯಾಟರ್ ಚೆಂಡು ಹೊಡೆದು ಮೊದಲು ಓಡಿ ಮುಟ್ಟಬೇಕಾದ ಜಾಗ. ಅಲ್ಲಿ ಸುಮ್ನೆ ನಿಂತರೆ ಆಗಲ್ಲ. ಚೆಂಡು ಜಾಸ್ತಿ ಬರುವುದೇ ಅಲ್ಲಿಗೆ. ಬ್ಯಾಟರ್ ಓಡಿ ಬಂದು ಮುಟ್ಟುವ ಮೊದಲೇ ಹಿಡಿಯಬೇಕು. ಈಗಿನಂಥ ದೊಡ್ಡ ಗ್ಲೌಸ್ ಆಗ ಇರಲಿಲ್ಲ. ಈ ಹುಡುಗ ಒಂದೂ ತಪ್ಪಿಲ್ಲದೆ 12 ಔಟ್ ಮಾಡಿದ. ಅವನು ಹಿಟ್ ಹೊಡೆದಾಗ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದಾಗ), ಎರಡನೇ ಬೇಸ್ ಸ್ಟೀಲ್ ಮಾಡಿದಾಗ (ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿ ಮುಟ್ಟಿದಾಗ) ಕಾಲೇಜಿನ ಗೆಳೆಯರು ಕೂಗಿ ಕುಣಿದರು ಅಂತ ಊರಿನ ಪತ್ರಿಕೆ ಬರೆಯಿತು. ಪ್ರಾವಿಡೆನ್ಸ್ 5-3ರಲ್ಲಿ ಗೆದ್ದಿತು.

ಮುಂದಿನ ಮ್ಯಾಚ್‌ಗೆ ಆ ಜಾಗಕ್ಕೆ ಜಿಮ್ ಓರೂರ್ಕ್ ಬಂದ. ವೈಟ್ ಮತ್ತೆಂದೂ ಮೇಜರ್ ಲೀಗ್‌ನಲ್ಲಿ ಆಡಲಿಲ್ಲ. ಇಷ್ಟು ಚೆನ್ನಾಗಿ ಆಡಿದವನಿಗೆ ಇನ್ನೊಂದು ಅವಕಾಶ ಬೇಕಿತ್ತು, ಅಲ್ವಾ?

ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 2000ದ ದಶಕದ ಆರಂಭದಲ್ಲಿ, ಸಂಶೋಧಕರು ಅವನ ಜಾಡು ಹಿಡಿದು ಜಾರ್ಜಿಯಾದ ಮಿಲ್ನರ್ ಎಂಬ ಊರಿಗೆ ತಲುಪಿದರು. ತಂದೆ ಎ. ಜೆ. ವೈಟ್, ಬಿಳಿಯ ಜಮೀನ್ದಾರ. ತಾಯಿ ಹ್ಯಾನಾ, ಅದೇ ಮನೆಯ ಗುಲಾಮ ಹೆಣ್ಣುಮಗಳು. ತಂದೆ ತನ್ನ ಉಯಿಲಿನಲ್ಲೂ ಇವನನ್ನು ಬರೆಸಿದ್ದು ಆಳು ಹ್ಯಾನಾಳ ಮಗ ಅಂತಲೇ. ಗುಲಾಮ ತಾಯಿಯ ಮಗುವೂ ಗುಲಾಮನೇ ಅನ್ನುತ್ತಿತ್ತು ಆಗಿನ ಕಾನೂನು. ಇವನು ಹುಟ್ಟಿದ್ದು 1860ರಲ್ಲಿ, ಗುಲಾಮಗಿರಿ ಕೊನೆಯಾಗುವ ಮೊದಲೇ.

ಆದರೆ 1880ರ ಜನಗಣತಿಯಲ್ಲಿ ಇವನು ಬಿಳಿಯ. ಆಮೇಲೆ ಶಿಕಾಗೋದಲ್ಲೂ ಬಿಳಿಯನಾಗಿಯೇ ಬದುಕಿದ. ಹಾಗಾಗಿ ಮೇಜರ್ ಲೀಗ್‌ನ ಮೊದಲ ಕಪ್ಪು ಆಟಗಾರ ಯಾರು ಅನ್ನುವ ಚರ್ಚೆ ಇನ್ನೂ ಇದೆ. ಇವನಾ, 1884ರಲ್ಲಿ ಟೊಲೀಡೊ ಪರ ಆಡಿದ ಫ್ಲೀಟ್ ವಾಕರ್ರಾ?

ವಾಕರ್‌ಗೆ ಸಲ್ಲಬೇಕಾದ ಗೌರವ ವಾಕರ್‌ಗೇ ಸಲ್ಲಲಿ. ಎಲ್ಲರೆದುರು ಕಪ್ಪು ಮನುಷ್ಯನಾಗಿಯೇ ನಿಂತು, ಬೈಗುಳ ಕೇಳಿಕೊಂಡು ಆಡಿದವನು ಅವನು. ಆದರೆ ವೈಟ್ ಬಾಯಿ ಬಿಡದೆ ಇದ್ದದ್ದನ್ನು ಹೇಡಿತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಗುಟ್ಟು ರಟ್ಟಾಗಿದ್ದರೆ ಕೆಲಸ, ಮನೆ, ಮಕ್ಕಳ ಬದುಕು ಎಲ್ಲಕ್ಕೂ ಕುತ್ತು ಬರುತ್ತಿದ್ದ ಕಾಲ ಅದು.

ವೈಟ್ 1937ರಲ್ಲಿ ತೀರಿಕೊಂಡ. ಕಪ್ಪು ಆಟಗಾರರಿಗೆ ದಶಕಗಳಿಂದ ಮುಚ್ಚಿದ್ದ ಬಾಗಿಲು ತೆರೆದ ಜಾಕಿ ರಾಬಿನ್ಸನ್ ಮೇಜರ್ ಲೀಗ್‌ಗೆ ಬಂದದ್ದು ಅದಾಗಿ ಹತ್ತು ವರ್ಷಕ್ಕೆ. ವಾಕರ್ ಕತೆ ದೊಡ್ಡದು. ಅದಕ್ಕೆ ಬೇರೆ ವಿಡಿಯೋನೇ ಮಾಡುತ್ತೇನೆ.